ವಂಶವೃಕ್ಷ ಬರೆಸಿದ್ದು

ಹೆಂಗಸಿಗೆ ಸೊನ್ನೆ, ಗಂಡಸಿಗೆ ಚೌಕ.
ಕಾಯಿಲೆ ಬಂದವರಿಗೆ ಕಪ್ಪು ತುಂಬುತ್ತಾಳೆ ಹುಡುಗಿ,
ಜೆಲ್ ಪೆನ್ನಿನಲ್ಲಿ, ಗೆರೆ ದಾಟದ ಹಾಗೆ.
ಅಜ್ಜಿ ಕಪ್ಪು. ಸೋದರತ್ತೆ ಹೊಂಬಾಳಮ್ಮ ಕಪ್ಪು.
ಚಿಕ್ಕಪ್ಪ ಲಾರಿಗೆ ಸಿಕ್ಕಿ ಸತ್ತ,
ಒಳಗೇನಿತ್ತೋ ಯಾರೂ ನೋಡಲಿಲ್ಲ; ಅವನು ಖಾಲಿ.
ಅಕ್ಕ ರೇವಮ್ಮನ ಸೊನ್ನೆ ಅರ್ಧಕ್ಕೆ ಇಂಕು ನಿಂತಿತು.
ಕೊಡವಿ, ಅಂಗೈಗೆ ಗೀಚಿ, ಮತ್ತೆ ತುಂಬಿದಳು.

ಪೀಣ್ಯದ ಶೆಡ್ಡಿನಲ್ಲಿ ನಾವಿಬ್ಬರೂ ಹನ್ನೆರಡು ವರ್ಷ
ಸ್ಕೂಟರಿನ ಹ್ಯಾಂಡಲ್ಲು ಕ್ರೋಮಿಗೆ ಅದ್ದಿದವರು.
ತೊಟ್ಟಿಯ ಹಬೆ ಅವಳ ಮೂಗಿಗೂ, ನನ್ನ ಮೂಗಿಗೂ.
ಬೋರ್‌ವೆಲ್ ನೀರು ಅರಿಶಿನ ಕದಡಿದ ಹಾಗೆ;
"ಮದುವೆಮನೆ ನೀರು ಕಣೇ" ಅಂತ ನಕ್ಕು
ಅದರಲ್ಲೇ ಊಟದ ಡಬ್ಬಿ ತೊಳೆದೆವು.
ಅವಳ ಶ್ವಾಸಕೋಶದಲ್ಲಿ ಗಡ್ಡೆ. ನನಗೆ ಬರೀ ಕೆಮ್ಮು.

"ಕೆಟ್ಟಿದ್ದನ್ನು ರಿಪೇರಿ ಮಾಡುವ ಜೀನಿನಲ್ಲಿ
ಒಂದಕ್ಷರ ಬೇರೆ ಇರಬಹುದು" ಅಂದಳು. "ನಿಮಗೂ ಇದ್ದೀತು.
ಇದ್ದರೆ ಬಂದೇ ಬರುತ್ತೆ ಅಂತಲ್ಲ,
ಇಲ್ಲದಿದ್ದರೆ ಬರೋದೇ ಇಲ್ಲ ಅಂತಲೂ ಅಲ್ಲ."
ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿಗೂ ಒಂದಕ್ಷರ ತಪ್ಪಿತ್ತು;
ತಿದ್ದಿಸಲು ಮೂರು ವರ್ಷ ಅಲೆದೆ.
ಇದಕ್ಕೆ ಯಾವ ಕೌಂಟರು?

ಕೊನೆಗೆ ಹಾಳೆ ತಿರುಗಿಸಿ ಕೇಳಿದಳು,
ಯಾರಾದರೂ ಬಿಟ್ಟುಹೋದರಾ ಅಂತ.
ಹೋಗಿದ್ದಾರೆ. ತೊಟ್ಟಿ. ಬೋರ್‌ವೆಲ್ಲು.
ಮಾಸ್ಕು ಕೇಳಿದಾಗ "ನೀನೇನು ಡಾಕ್ಟರಾ?" ಅಂದ ಓನರು.
ಹುಡುಗಿ ಪೆನ್ನು ಎತ್ತಿದಳು, ಮತ್ತೆ ಇಳಿಸಿದಳು.
ಅವಕ್ಕೆ ಯಾವ ಆಕಾರವೆಂದು ಅವಳಿಗೆ ಕಲಿಸಿಲ್ಲ.

ಅಕ್ಕನ ಪಕ್ಕದ ಬಿಳಿ ಸೊನ್ನೆ ನಾನು.
ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡು
ಹೊಸೂರು ರಸ್ತೆಯ ಬಸ್ಸಿನಲ್ಲಿ ಬಿಡಿಸಿ ನೋಡಿದರೆ
ಅವಳ ಇಂಕು ಒಣಗಿರಲಿಲ್ಲ,
ನನ್ನ ಮೇಲೆ ಒಂದಿಷ್ಟು ಒತ್ತಿದೆ.
ಉಗುರಲ್ಲಿ ಕೆರೆದೆ.
ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ.