ಹಿಗ್ಗಾಕ ಜಾಗಾ

ನೈಟ್ ಡ್ಯೂಟಿ ಮುಗಿಸಿ ಮಾಳಮಡ್ಡಿಯ ಮನೆಗೆ ಬಂದರೆ
ಮೊದಲು ನೋಡುವುದು ಮುಳ್ಳನ್ನ.
ಬಚ್ಚಲ ಹಿಂದಿನ ಗೋಡೆ, ಬಿಸಿನೀರಿನ ಪೈಪಿನ ಮೇಲೆ
ಗಾಜಿನೊಳಗೆ ಕೂತ ಕರಿಮುಳ್ಳು.
ಸಂಜೆ ಹೋಗುವಾಗ ಒಂದೂವರೆ ಇತ್ತು,
ಈಗ ಅರ್ಧಕ್ಕಿಂತ ಕೆಳಗೆ.
ರಾತ್ರಿಯಿಡೀ ಇಪ್ಪತ್ತೆರಡು ತೋಳಿಗೆ ಪಟ್ಟಿ ಸುತ್ತಿ
ಏರಿದ್ದು ಇಳಿದದ್ದು ಬರೆದಿಟ್ಟು ಬಂದವಳಿಗೆ
ಮನೆಯದೂ ಒಂದು ಚಾರ್ಟು.

ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ, ಒಂಬತ್ತು ದಿನ:
ಕಾದಾಗ ಮೂರು, ಆರಿದಾಗ ಸೊನ್ನೆಯ ನೆರೆಮನೆ.
ಮತ್ತೆ ತುಂಬು, ಮತ್ತೆ ಇಳಿ.
ನಮ್ಮ ಓಣಿಗೆ ನಳ ಬರುವುದೇ ಆರು ದಿನಕ್ಕೊಮ್ಮೆ,
ಆ ನೀರನ್ನ ಗೋಡೆಗೆ ಕುಡಿಸುತ್ತಿದ್ದೇನೆಂಬ ಸಿಟ್ಟು ಬೇರೆ.
ಅತ್ತೆ ಕಾಲು ಚಾಚಿ ಕೂತು ಅಂದಳು:
"ನಮ್ಮ ಹಂಡೇಕ್ಕ ಮುಳ್ಳೂ ಇರಲಿಲ್ಲ, ಜಡ್ಡೂ ಇರಲಿಲ್ಲ."

ಮಕ್ತುಮ ನದಾಫ ಸೈಕಲ್ ಮೇಲೆ ಬಂದ,
ಕ್ಯಾರಿಯರಿಗೆ ಪಾನಾದ ಚೀಲ ಬಿಗಿದು.
ಏನನ್ನೂ ಮುಟ್ಟಲಿಲ್ಲ ಮೊದಲು.
ಚಪ್ಪಲಿ ಕಳೆದು ಮನೆಯೆಲ್ಲ ನಡೆದ,
ಫರಸಿ ಎಲ್ಲಿ ಬೆಚ್ಚಗಿದೆ ಅಂತ ಅಂಗಾಲನ್ನ ಕೇಳುತ್ತ.
ಆಮೇಲೆ ವಾಲ್ವುಗಳು. ಅಡಿಗೆಮನೆ, ಬಚ್ಚಲು, ಅತ್ತೆಯ ಕೋಣೆ.
ಒಂದನ್ನ ಮುಚ್ಚುವುದು,
ಬೀಡಿ ಹಚ್ಚದೆ ಒಂದು ಬೀಡಿಯಷ್ಟು ಹೊತ್ತು ಕಾಯುವುದು,
ಮುಳ್ಳು ನೋಡುವುದು.
ನಾವೂ ಹಾಗೇ: ನೋವೆಲ್ಲಿ ಅಂತ ಬೆರಳೊತ್ತುವಾಗ
ನೋಡುವುದು ಮುಖವನ್ನ, ಹೊಟ್ಟೆಯನ್ನಲ್ಲ.

ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ತುದಿ ಗೋಡೆಗೆ.
"ಏನೂ ಕೇಳವಲ್ದು ಸಿಸ್ಟರ್."
ಚೀಲದಿಂದ ಸ್ಟೆತಸ್ಕೋಪು ಎಳೆದೆ.
ಜೊತೆಗೇ ಒಂದು ಮಡಚಿದ ಕಾಗದ ಬಿತ್ತು,
ಮೂರು ದಿನದಿಂದ ಅಲ್ಲೇ ಇದ್ದದ್ದು, ತಿರುಗಿ ತುರುಕಿದೆ.
ಅವನು ಸುಣ್ಣದ ಗೋಡೆಗೆ ಬಿಲ್ಲೆ ಇಟ್ಟ.
ಅತ್ತೆ ಬಾಯಿಗೆ ಸೆರಗು: "ಉಸರು ಐತೇನೋ?"
ನಾನೂ ಒಂದು ಗಳಿಗೆ ಕೇಳಿದೆ.
ಪಕ್ಕದ ಮನೆಯ ಕುಕ್ಕರು,
ಸ್ಟೇಷನ್ನಿಗೆ ಬರುತ್ತಿದ್ದ ಯಾವುದೋ ಗಾಡಿ,
ನನ್ನದೇ ನಾಡಿ.
ಸೋರುವ ಸದ್ದಿಲ್ಲ.

ಆಗ ಕೇಳಿದ:
"ಹಿತ್ತಲದಾಗ ಈ ಪುದೀನಾ ಯಾರು ಹಚ್ಯಾರ್ರೀ?"
ಯಾರೂ ಹಚ್ಚಿರಲಿಲ್ಲ.
ಅತ್ತೆ ಎಸೆದ ದಂಟು ತಾನೇ ಬೇರುಬಿಟ್ಟಿತ್ತು,
ಮಾಳಿಗೆಯಿಂದ ಇಳಿದ ಬೆರಳು ದಪ್ಪದ ಪೈಪಿನ ಬಾಯಡಿ,
ಡಿಸೆಂಬರಿನ ಬಿರುಕು ನೆಲದಲ್ಲಿ ಮೊರದಗಲ ಹಸಿರು.
ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಟ್ಟಿದ.
ಬೆಚ್ಚಗಿತ್ತು.

"ಸೋರೂದಲ್ರೀ ಇದು, ಹೊರಗ ಹಾಕೂದು.
ನೀರು ಕಾದ್ರ ಹಿಗ್ಗತೇತಿ.
ಹಿಗ್ಗಾಕ ಜಾಗಾ ಇಲ್ಲಂದ್ರ ಎಲ್ಲಿ ಹೋಗಬೇಕದು?
ಮ್ಯಾಲ ಆರಿದ ಮ್ಯಾಲ ಕುಗ್ಗೂದಂತೂ ಐತೆಲ್ಲ."

ಮಾಳಿಗೆಯ ಮೇಲೆ ಕುಂಬಳಕಾಯಿಯಷ್ಟು ಕೆಂಪು ಡಬ್ಬಿ.
ಐದು ವರ್ಷ ಅದರ ಧೂಳು ಒರೆಸಿದ್ದೇನೆ,
ನೀನು ಯಾರು ಅಂತ ಕೇಳಿಲ್ಲ.
ಬೆರಳ ಗಂಟಿನಿಂದ ಬಡಿದ. ಮೇಲೂ ಧಪ್, ಕೆಳಗೂ ಧಪ್.
ಬುಡದಲ್ಲಿ ಸೈಕಲ್ ಟ್ಯೂಬಿನಂಥದೇ ಮೂತಿ,
ಉಗುರಿನಿಂದ ಒತ್ತಿದರೆ
ಗಾಳಿಯೂ ಇಲ್ಲ, ನೀರೂ ಇಲ್ಲ.
"ರಬ್ಬರ ಹರದಿಲ್ಲ, ನಿಮ್ಮ ಪುಣ್ಯಾ. ಗಾಳಿ ತೀರೇತಿ ಅಷ್ಟ."

ಒಂದು ಹನಿ ಚೆಲ್ಲದೆ ನೀರನ್ನ ಬಕೀಟಿಗಿಳಿಸಿ,
ತನ್ನ ಸೈಕಲ್ಲಿನ ಪಂಪು ಹಚ್ಚಿ,
ಒತ್ತುತ್ತ, ಏದುಸಿರಿನ ನಡುವೆ ಹೇಳಿದ:
ಅವರಪ್ಪ ಬಿಲ್ಲು ಹೆಗಲಿಗೇರಿಸಿ
ಓಣಿ ಓಣಿ ಹತ್ತಿ ಹಿಂಜುತ್ತಿದ್ದನಂತೆ.
"ಗಾದಿ ಚಪ್ಪಟಿ ಆತಂದ್ರ ಹತ್ತಿ ಕಡಿಮಿ ಆಗಿರಾಂಗಿಲ್ಲ.
ಒಳಗಿನ ಗಾಳಿ ಹೋಗಿರತೇತಿ. ಅಪ್ಪ ಅದನ್ನ ತುಂಬತಿದ್ದ.
ನಂದೂ ಅದ ಕಸಬು. ಕಬ್ಬಣದಾಗ."

ಎಂಟುನೂರು ಕೊಟ್ಟೆ.
ಐವತ್ತು ತಿರುಗಿ ಕೊಟ್ಟ, ಸ್ಟೆತಸ್ಕೋಪಿನ ಬಾಡಿಗೆ ಅಂತ.

ಮರುದಿನ ಬೆಳಿಗ್ಗೆ ಮುಳ್ಳು
ನಾನು ಬಿಟ್ಟುಹೋದಲ್ಲೇ ಇತ್ತು, ಒಂದೂವರೆ.
ನಂಬದೆ ಗಾಜು ತಟ್ಟಿದೆ. ಅಲುಗಲಿಲ್ಲ.
ಚಾದ ಹೊತ್ತಿಗೆ ಕಾಗದ ತೆಗೆದು ಅತ್ತೆಗೆ ಓದಿ ಹೇಳಿದೆ:
ಒಂದನೇ ತಾರೀಖಿನಿಂದ ನಾನು ಹೆಡ್ ನರ್ಸು.
"ಮೂರು ದಿನಾ ಚೀಲದಾಗ ಇಟ್ಟಿದ್ದೆಯಾ?" ಅಂದಳು,
ಬೈಗುಳದ ದನಿಯಲ್ಲೇ,
ಸಕ್ಕರೆ ಡಬ್ಬಿ ಕೈಗೆತ್ತಿಕೊಂಡು.

ಪುದೀನಾ ಬಾಡತೊಡಗಿದೆ.
ದಿನಾ ಹತ್ತು ಗಂಟೆಗೆ, ನಾನು ಮಲಗಿದೆ ಅಂದುಕೊಂಡು,
ಅತ್ತೆ ಒಂದು ತಂಬಿಗೆ ನೀರು ಒಯ್ಯುತ್ತಾಳೆ.
ಮೊದಲು ಕೈಬೆರಳದ್ದಿ ನೋಡುತ್ತಾಳೆ,
ಉಗುರು ಬೆಚ್ಚಗಿದೆಯೋ ಅಂತ.