ಪೂರ್ತಿ ಟಿಕೆಟ್ಟು

ರಜಾ ಅರ್ಜಿಯಲ್ಲಿ 'ಕಾರಣ' ಅಂತ ಒಂದು ಗೆರೆ,
ಬಹಳ ಸಣ್ಣದು.
ಮದುವೆ ಹಿಡಿಯುತ್ತದೆ ಅದರಲ್ಲಿ, ತಿಥಿ ಹಿಡಿಯುತ್ತದೆ,
ಜ್ವರ ಬರೆದರೆ ಇನ್ನೂ ಜಾಗ ಉಳಿಯುತ್ತದೆ.
ಕಂಟ್ರೋಲರ್ ಪುಟ್ಟಮಾದಯ್ಯ ಕನ್ನಡಕ ಏರಿಸಿ
'ಏನವ್ವಾ, ಸಾವಾ, ಮದ್ವೇನಾ?' ಅಂದರು.
'ಜಾರುಬಂಡೆ ಸಾರ್' ಅಂದೆ.
ಮಂಡ್ಯ ಡಿಪೋ ಅವತ್ತು ಎರಡು ಶಿಫ್ಟು ನಕ್ಕಿತು.

ಹದಿನೇಳು ವರ್ಷದಿಂದ ನಾನು
ಮಕ್ಕಳ ಎತ್ತರದ ಜಗಳ ಆಡುತ್ತಿದ್ದೇನೆ.
ಶ್ರೀರಂಗಪಟ್ಟಣದಲ್ಲಿ ಹತ್ತಿ ಮಡಿಲೊಳಗೆ ಮುದುರುವ ಉದ್ದ ಕಾಲುಗಳು,
'ಇನ್ನೂ ಐದು ತುಂಬಿಲ್ಲ ಕಣಕ್ಕಾ' ಅನ್ನುವ ತಾಯಂದಿರು,
ಮೀಸೆ ಚಿಗುರಿದ ಐದು ವರ್ಷದ ಕೂಸುಗಳು!
'ಇಳ್ಸಿ ಕೆಳಕ್ಕೆ, ಗುರುತಿಗೆ ನಿಲ್ಸಿ' ಅಂತ
ಎಷ್ಟು ಮಕ್ಕಳನ್ನು ನಾನು ದೊಡ್ಡವರು ಮಾಡಿಲ್ಲ.

ನನ್ನವನನ್ನು ನೋಡಿಕೊಂಡಿರಲಿಲ್ಲ.

ಏಳನೇ ಕ್ಲಾಸಲ್ಲಿ ಕೇಳಿದ್ದ ಲಿಖಿತ,
ಮೈಸೂರಿನ ಪಾರ್ಕು, ನೀರಾಟ, ತಿರುಗೋ ಕುರ್ಚಿ.
ದಸರಾ ಸ್ಪೆಷಲ್ ಬಿಟ್ಟರು, ರಜೆ ಇಲ್ಲ.
ಬೇಸಿಗೆಗೆ ಅಂದೆ. ಬೇಸಿಗೆಯೆಲ್ಲ ಲಗ್ನ, ದಿಬ್ಬಣಕ್ಕೆ ಬಸ್ಸು.
ಮುಂದಿನ ಬೇಸಿಗೆ ಅಂದೆ.
ಈಗ ಒಂಬತ್ತು ಮುಗಿಸಿ ಕೂತಿದ್ದಾನೆ,
ಕೂತರೆ ಮೊಣಕಾಲು ಟೀಪಾಯಿಯನ್ನು ಎತ್ತುತ್ತದೆ.

ಪಾರ್ಕಿನ ದರಪಟ್ಟಿಯಲ್ಲೂ ಒಂದು ಗುರುತು:
ಅದರ ಕೆಳಗಿದ್ದರೆ ಮಗು, ದಾಟಿದರೆ ದೊಡ್ಡವರು.
ರವಿಕೆಯ ಟೇಪು ಹಿಡಿದು ಗೋಡೆಗೆ ನಿಲ್ಲಿಸಿದೆ.
ನಾಚಿಕೆ ಬಿಟ್ಟು ಹೇಳುತ್ತೇನೆ,
ಒಂದು ಗಳಿಗೆ ಅನ್ನಿಸಿತು, ಚೂರು ಬಗ್ಗಪ್ಪ ಅಂತ.
ಅವನು ನೋಡಿದರೆ
ಹಿಮ್ಮಡಿ ಎತ್ತಿದ್ದ.

ಅವರಪ್ಪ 'ನಂಗೆ ತಲೆ ಸುತ್ತುತ್ತೆ, ನೀವೇ ಹೋಗ್ಬನ್ನಿ'
ಅಂತ ಟೀವಿಗೆ ಹೇಳಿದರು.
ಆರೂಕಾಲರ ಬಸ್ಸು. ಪುಳಿಯೋಗರೆ.
'ಹೊರಗಿನ್ ತಿಂಡಿ ಬಿಡಲ್ಲಮ್ಮ.'
ಹಾಗಾದರೆ ಕೋಡುಬಳೆ, ಬ್ಯಾಗಿನ ತಳದಲ್ಲಿ, ಟವೆಲ್ ಒಳಗೆ...
'ಅಮ್ಮಾ.'
ನೀರಿಗಿಳಿಯಲು ನೈಲಾನ್ ಬಟ್ಟೆ ಕಡ್ಡಾಯವಂತೆ.
'ನೀನು ಸೀರೇಲಿ ಬರ್ಬೇಡ' ಅಂದ.
ಆಮೇಲೆ ಮೆತ್ತಗೆ, 'ಖಾಕೀಲೂ ಬೇಡ.'

'ಮೋನಿಶನ್ನೂ ಕರ್ಕೊಂಡ್ ಹೋಗಣ?'
ನಾನು ಚಿಲ್ಲರೆ ಎಣಿಸುತ್ತಿದ್ದೆ, ಲೆಕ್ಕ ತಪ್ಪಿತು.
ಬರಲಿ ಬುಡು ಅಂದೆ.
ಮೊದಲಿಂದ ಎಣಿಸಿದೆ.

ಫೋನಲ್ಲಿ ತೋರಿಸಿದ, ಎಲ್ಲಿಯದೋ ದೊಡ್ಡ ರೈಡು,
ಯಾರೋ ಹಣೆಗೆ ಕ್ಯಾಮೆರಾ ಕಟ್ಟಿ ಅರಚಿಕೊಂಡದ್ದು.
ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ತಲೆಕೆಳಗು,
ನನಗೆ ಮಳವಳ್ಳಿ ರೂಟು ಗೊತ್ತಿದ್ದ ಹಾಗೆ ಅವನಿಗೆ.
'ಭಯ ಆಗಲ್ವೇನ್ಲಾ?'
'ಥೂ, ಅದೇನ್ ಭಯ.'

ರಾತ್ರಿ ಹತ್ತೂವರೆ, ಲೈಟು ಆರಿಸಿಯಾಗಿತ್ತು.
ಸೊಳ್ಳೆಪರದೆಯ ಆಚೆಯಿಂದ ಒಂದು ಒಡಕು ದನಿ,
ಅರ್ಧ ಅವನದು, ಅರ್ಧ ಯಾವನೋ ಗಂಡಸಿನದು:
'ಅಮ್ಮ, ಮೋನಿಶ ಬರಲ್ವಂತೆ.'
ಹೂಂ ಅಂದೆ.
'ಅದ್ರಲ್ಲಿ ಇಬ್ಬಿಬ್ರೇ ಕೂರೋದು.'
ಹೂಂ.
'ಸುಮ್ನೆ ಹೇಳ್ದೆ.'

ಒಂದು ಕೈಲಿ ಮಿಷನ್ನು, ಒಂದು ಕೈಲಿ ದುಡ್ಡು,
ಸೊಂಟ ಸೀಟಿಗೆ ಆನಿಸಿ
ಓಡುವ ಬಸ್ಸಲ್ಲಿ ಏನನ್ನೂ ಹಿಡಿಯದೆ ನಿಂತವಳು ನಾನು.
ಅವನು ಹೊಟ್ಟೆಯಲ್ಲಿದ್ದಾಗಲೂ, ಏಳು ತುಂಬುವ ತನಕ
ಮದ್ದೂರಿನ ಹಂಪುಗಳನ್ನೆಲ್ಲ ಹಾಗೇ ದಾಟಿದ್ದೇನೆ.
ಅಲ್ಲಿ ಹೆಗಲ ಮೇಲೆ ಕಂಬಿ ಬಂದು ಕೂರುತ್ತದಂತೆ,
ಮುಗಿಯುವ ತನಕ ತೆಗೆಯುವ ಹಾಗಿಲ್ಲವಂತೆ.
ಕಣ್ಣು ಮುಚ್ಚಿಕೊಂಡೆ. ಹೊಟ್ಟೆ ಈಗಲೇ ಮೇಲೆ ಬಂತು.

ಗುರುವಾರ ಆ ಬಸ್ಸಿಗೆ ಸಿದ್ದರಾಜಮ್ಮ ಕಂಡಕ್ಟರು.
ಹೆಂಗಸು ನಾನು, ನನಗೆ ಸೊನ್ನೆ ರೂಪಾಯಿಯ ಚೀಟಿ.
ಇವನನ್ನು ನೋಡಿ 'ಬುಡಕ್ಕ, ನಮ್ ಕೂಸು,
ಅರ್ಧ ಹಾಕ್ತೀನಿ' ಅಂತಾಳೆ, ಗೊತ್ತು ನನಗೆ.
ಬ್ಯಾಡ ಕಣವ್ವ, ಪೂರ್ತಿ ಹರಿ, ಅನ್ನಬೇಕು.
ನನ್ನ ಕೈಗಲ್ಲ,
ಅವನ ಕೈಗೇ ಕೊಡು.