ಮೂರನೇ ಸಾಲಿನ ತಪ್ಪು

ನನ್ನ ಕೆಲಸ ಸುಲಭ. ಒಬ್ಬರು ಬರೆಯುತ್ತಾರೆ:
'ಇದು ನನ್ನದು, ಅವರು ಕದ್ದಿದ್ದಾರೆ.'
ತೆಗೆಯುತ್ತೇನೆ.
ಆಮೇಲೆ ಅವರು ಬರೆಯುತ್ತಾರೆ: 'ಕದ್ದಿಲ್ಲ.'
ಕಾಯುತ್ತೇನೆ.
ಒಂದು ದೂರಿಗೆ ಏಳು ನಿಮಿಷ.
ಲಿಸ್ಬನ್ನಿನ ಈ ಐದನೇ ಮಹಡಿಯಿಂದ ನದಿ ಕಾಣುತ್ತದಂತೆ;
ಪರದೆ ಇಳಿಬಿಟ್ಟೇ ಇರುತ್ತದೆ,
ಕಂಪ್ಯೂಟರಿನ ಮೇಲೆ ಬಿಸಿಲು ಬೀಳಬಾರದೆಂದು.

ಸೇರಿದ ದಿನ ಟೆಲ್ಮು ಕಲಿಸಿದ್ದ:
'ಗ್ರಾಸಿಂಡಾ, ಸರಿಯಾದದ್ದನ್ನು ನೋಡಬೇಡ,
ಸರಿ ಎಲ್ಲರಲ್ಲೂ ಒಂದೇ. ತಪ್ಪನ್ನು ನೋಡು.
ನಕಲು ಮಾಡುವವನು ತಪ್ಪನ್ನೂ ಹೊತ್ತು ತರುತ್ತಾನೆ,
ಕುಂಬಳಕಾಯಿ ಕದ್ದವನ ಹೆಗಲ ಮೇಲಿನ ಬೂದಿಯ ಹಾಗೆ.'

ಆ ಮಂಗಳವಾರದ ದೂರು ಎಸ್ಟೋನಿಯಾದ ಸಾರೆಮಾ ದ್ವೀಪದಿಂದ.
ಹೆಲ್ಯೆ ಪೋಲ್ಡ್, ಎಪ್ಪತ್ತೊಂದು ವರ್ಷ.
(ವಯಸ್ಸಿಗೆ ಅಂಕಣವಿಲ್ಲ; ಆಕೆಯೇ ಬರೆದಿದ್ದಳು.)
ಅನುವಾದದ ಯಂತ್ರ ಹೇಳಿತು:
ನನ್ನ ಮುತ್ತಜ್ಜಿಯ ಕೈಚೀಲದ ನಕ್ಷೆಯನ್ನು
ಯಾರೋ ಮಾರುತ್ತಿದ್ದಾರೆ, ನಾಲ್ಕು ಯೂರೋಗೆ.
ಚಿತ್ರದಲ್ಲಿ ಹಿಡಿಕೆ ಹುಡುಕಿದೆ, ಜಿಪ್ ಹುಡುಕಿದೆ.
ಹೆಬ್ಬೆರಳು ಕಂಡಿತು.
ಚೀಲವಲ್ಲ, ಗವಸು. ಉಣ್ಣೆಯದು,
ಕೆಂಪು ನೆಲದ ಮೇಲೆ ಎಂಟೆಸಳಿನ ಕಪ್ಪು ಹೂ,
ಮಣಿಕಟ್ಟಿಗೆ ಹಳದಿ ಅಂಚು.
ಹಿಮ ಬೀಳದ ಊರಿನವಳು ನಾನು,
ಒಂದು ಕೈಗೆ ಇಷ್ಟೊಂದು ಕೆಲಸವೇ ಅನ್ನಿಸಿತು.

ತೆಗೆದೆ.
ಮಾರುತ್ತಿದ್ದವಳು ಮಾರ್ಯಾ ಬ್ಯೋರ್ಕ್‌ಮನ್,
ಕಡಲಿನಾಚೆಯ ಸ್ವೀಡನ್ನಿನ ಗಾಟ್‌ಲ್ಯಾಂಡಿನವಳು.
ಅವಳಿಗೆ ಸಿದ್ಧಪತ್ರ ಹೋಯಿತು: 'ಮಾನ್ಯರೇ, ವಿಷಾದದಿಂದ...'
ವಿಷಾದವನ್ನು ನಾವು ದಿನಕ್ಕೆ ಅರವತ್ತು ಸಲ ಕಳಿಸುತ್ತೇವೆ.

ಆರನೇ ದಿನ ಉತ್ತರ.
ಸಿಟ್ಟಿಗೆ ಪೂರ್ಣವಿರಾಮ ಗೊತ್ತಿರಲಿಲ್ಲ:
'ಕದ್ದಿಲ್ಲ ನಲವತ್ನಾಲ್ಕರ ಸೆಪ್ಟೆಂಬರಿನಲ್ಲಿ
ನನ್ನಜ್ಜಿ ದೋಣಿಯಲ್ಲಿ ಓಡಿಬಂದಾಗ ಕೋಟಿನ ಜೇಬಲ್ಲಿದ್ದದ್ದು ಇದೊಂದೇ
ಇನ್ನೊಂದು ಕೈಯದು ದಡದಲ್ಲೇ ಉಳಿಯಿತಂತೆ
ಸಾಯುವವರೆಗೂ ಆ ಕೈಯನ್ನು ಜೇಬಲ್ಲೇ ಇಟ್ಟುಕೊಂಡಿರುತ್ತಿದ್ದಳು
ಬೇಸಿಗೆಯಲ್ಲೂ ಇನ್ನೇನು ಸಾಕ್ಷಿ ಬೇಕು ನಿಮಗೆ'

ಚಿತ್ರ ತೆರೆದೆ. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು.
ತಪ್ಪನ್ನು ನೋಡು.
ಮಣಿಕಟ್ಟಿನಿಂದ ಮೂರನೇ ಸಾಲಿನಲ್ಲಿ
ಕಪ್ಪಾಗಬೇಕಿದ್ದ ಒಂದು ಕುಣಿಕೆ ಕೆಂಪು.
ಹೆಲ್ಯೆಯದನ್ನು ಪಕ್ಕಕ್ಕಿಟ್ಟು ಹಿಗ್ಗಿಸಿದೆ.
ಮೂರನೇ ಸಾಲು. ಅದೇ ಕುಣಿಕೆ. ಅದೇ ಕೆಂಪು.
ಸಿಕ್ಕಿಬಿದ್ದಳು ಅಂದುಕೊಂಡೆ,
ಹೆಬ್ಬೆರಳುಗಳನ್ನು ನೋಡುವವರೆಗೆ:
ಇವಳದು ಎಡಕ್ಕೆ, ಅವಳದು ಬಲಕ್ಕೆ.

ಹೆಣೆದವಳಿಗೆ ಲೆಕ್ಕ ಯಾಕೆ ತಪ್ಪಿತೋ,
ಮಗು ಎದ್ದಿತೋ, ದೀಪದ ಎಣ್ಣೆ ತೀರಿತೋ;
ಒಂದರಲ್ಲಿ ಮರೆತು ತಪ್ಪಿದ್ದನ್ನು
ಇನ್ನೊಂದರಲ್ಲಿ ಬೇಕೆಂದೇ ತಪ್ಪಿದ್ದಾಳೆ,
ಜೋಡಿ ಕೆಡಬಾರದೆಂದು.

ಟೆಲ್ಮುಗೆ ತೋರಿಸಿದೆ. 'ಒಂಬತ್ತು ನಿಮಿಷವಾಯಿತು' ಅಂದ.
ನನ್ನ ಮುಂದೆ ಇರುವುದು ಎರಡೇ ಗುಂಡಿ, ಹೌದು, ಅಲ್ಲ.
ಒಂದು ಕೈಯಿಂದ ಚಪ್ಪಾಳೆಯಾಗದು ಎಂದು ಬರೆಯಲು ಜಾಗವಿಲ್ಲ.
ನಾವಾಗಿ ಯಾರಿಗೂ ಏನೂ ಹೇಳುವಂತಿಲ್ಲ.
ಆದರೆ ನಿಯಮವೇ ಇದೆ:
ಪ್ರತ್ಯುತ್ತರವನ್ನು ಇಡಿಯಾಗಿ,
ಹೆಸರು, ಮನೆಯ ವಿಳಾಸ, ಚಿತ್ರ ಸಮೇತ
ದೂರಿದವರಿಗೆ ಕಳಿಸತಕ್ಕದ್ದು.
ಆ ವಿಳಾಸದ ಸಾಲಿಗೆ ಹೆದರಿ
ಎಷ್ಟು ನಿರಪರಾಧಿಗಳು ಬಾಯಿ ಮುಚ್ಚಿಕೊಂಡಿದ್ದಾರೋ.
ಇವಳು ಕದದ ಸಂಖ್ಯೆಯನ್ನೂ ಬರೆದಿದ್ದಳು.
ಕಳಿಸಿದೆ.

ಇನ್ನು ಹದಿನಾಲ್ಕು ದಿನ. ಅಷ್ಟರೊಳಗೆ
ಕೋರ್ಟಿನ ಕಾಗದ ಬರದಿದ್ದರೆ ತೆಗೆದದ್ದು ತಾನಾಗಿ ಮರಳುತ್ತದೆ.
ಪ್ರತಿ ಬೆಳಿಗ್ಗೆ ಮೊದಲು ಅದನ್ನೇ ತೆರೆಯುತ್ತಿದ್ದೆ,
ಹಾಗೆ ಮಾಡಬಾರದು.

ಹನ್ನೊಂದನೇ ದಿನ ದೂರು ವಾಪಸಾಗಿತ್ತು.
ಕಾರಣದ ಅಂಕಣದಲ್ಲಿ, ಯಂತ್ರದ ಮಾತಿನಲ್ಲಿ:
'ಇನ್ನೊಂದು ಕೈಚೀಲ ಬದುಕಿದೆಯೆಂದು
ನಮಗೆ ಯಾರೂ ಹೇಳಿರಲಿಲ್ಲ.'

ತಿದ್ದಲಿಲ್ಲ. ಕಡತ ಮುಚ್ಚಿದೆ.
ಮುಂದಿನದು ಯಾರದೋ ಮದುವೆಯ ವಿಡಿಯೊ,
ಹಿನ್ನೆಲೆಯಲ್ಲಿ ಇನ್ನಾರದೋ ಹಾಡು.
ಏಳು ನಿಮಿಷ.